ಗಡ್ಡೆಯೊಳಗೆ ಸುಸ್ತಾಗುವ ಟಿ ಕೋಶಗಳು

ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನ ಗಡ್ಡೆಯ ಒಂದು ತೆಳ್ಳನೆಯ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಎಷ್ಟೋ ಸಲ ಅದರೊಳಗೆ ಟಿ ಕೋಶಗಳು ಗುಂಪುಗುಂಪಾಗಿ ಸೇರಿರುತ್ತವೆ. ಕ್ಯಾನ್ಸರನ್ನು ಗುರುತಿಸಿ ಕೊಲ್ಲಬೇಕಾದ ಬಿಳಿ ರಕ್ತಕಣಗಳು ಇವೇ. ಅಂದರೆ ದೇಹಕ್ಕೆ ರೋಗದ ಸುಳಿವು ಸಿಕ್ಕಿದೆ, ಕೊಲ್ಲುವವರೂ ಬಂದು ನಿಂತಿದ್ದಾರೆ. ಆದರೂ ಗಡ್ಡೆ ಬೆಳೆಯುತ್ತಲೇ ಇದೆ. ಯಾಕೆ?

ಮೆಲನೋಮಾ ಹುಟ್ಟುವುದು ಚರ್ಮಕ್ಕೆ ಬಣ್ಣ ಕೊಡುವ ಕೋಶಗಳಲ್ಲಿ. ಬಿಳಿಯರಲ್ಲಿ ಬಿಸಿಲಿನ ಅತಿನೇರಳೆ ಕಿರಣಗಳು ಈ ಕೋಶಗಳ ಡಿಎನ್‌ಎಯನ್ನು ಸಿಕ್ಕಾಪಟ್ಟೆ ಕೆಡಿಸಿರುತ್ತವೆ. ಕೆಟ್ಟ ಡಿಎನ್‌ಎಯಿಂದ ವಿಚಿತ್ರ ಪ್ರೋಟೀನುಗಳು ಬರುತ್ತವೆ. ಟಿ ಕೋಶಗಳು ಗುರುತು ಹಿಡಿಯುವುದು ಅವನ್ನೇ. ಹಾಗಾಗಿ ಸುಮ್ನೆ ಅವಿತು ಕೂರುವುದು ಈ ಕ್ಯಾನ್ಸರಿಗೆ ಕಷ್ಟ.

ಅದು ಹಿಡಿಯುವ ದಾರಿ ಬೇರೆ. ಟಿ ಕೋಶದ ಮೈಮೇಲೆ ಪಿಡಿ-1 ಎಂಬ ಪ್ರೋಟೀನ್ ಇದೆ. ಬ್ರೇಕ್ ಅಂದುಕೊಳ್ಳಿ. ಇದನ್ನು 1992ರಲ್ಲಿ ಜಪಾನಿನ ಕ್ಯೋಟೊದಲ್ಲಿ ತಾಸುಕು ಹೊಂಜೊ ಅವರ ತಂಡ ಪತ್ತೆ ಮಾಡಿತು. ಈ ಬ್ರೇಕ್ ಇರುವುದು ನಮ್ಮ ಒಳ್ಳೆಯದಕ್ಕೇ. ಇಲ್ಲದಿದ್ದರೆ ಟಿ ಕೋಶಗಳು ನಮ್ಮದೇ ಅಂಗಗಳ ಮೇಲೆ ಬಿದ್ದಾವು. ಮೆಲನೋಮಾ ಪಿಡಿ-ಎಲ್1 ಎಂಬ ಇನ್ನೊಂದು ಪ್ರೋಟೀನ್ ತಯಾರಿಸಿ ಅದೇ ಬ್ರೇಕ್ ಒತ್ತುತ್ತದೆ. ತಮಾಷೆ ನೋಡಿ, ಟಿ ಕೋಶ ದಾಳಿ ಮಾಡುವಾಗ ಬಿಡುವ ಇಂಟರ್‌ಫೆರಾನ್ ಗಾಮಾ ಎಂಬ ಪ್ರೋಟೀನ್ ತಾಗಿದರೆ ಕ್ಯಾನ್ಸರ್ ಕೋಶ ಪಿಡಿ-ಎಲ್1ನ್ನು ಇನ್ನೂ ಜಾಸ್ತಿ ಮಾಡಿಕೊಳ್ಳುತ್ತದೆ! ಪುಟ್ಟ ಪುಟ್ಟ ಚೀಲಗಳಂಥ ಎಕ್ಸೊಸೋಮ್‌ಗಳಲ್ಲಿ ತುಂಬಿ ಅದನ್ನು ರಕ್ತಕ್ಕೂ ಬಿಡುತ್ತದೆ ಎಂದು 2018ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ತೋರಿಸಿದರು.

ಗಡ್ಡೆಯೊಳಗೆ ಊಟಕ್ಕೂ ಪರದಾಟ. ಗ್ಲೂಕೋಸನ್ನೆಲ್ಲ ಕ್ಯಾನ್ಸರ್ ಕೋಶಗಳು ಹೀರಿ ಲ್ಯಾಕ್ಟಿಕ್ ಆಮ್ಲವನ್ನು ಉಳಿಸುತ್ತವೆ. ಹಗಲೂ ರಾತ್ರಿ ಶತ್ರುವಿನ ಎದುರೇ ಇದ್ದು ಟಿ ಕೋಶಗಳು ದಣಿಯುತ್ತವೆ. ಕೊಲ್ಲುವ ಶಕ್ತಿ ಹೋಗುತ್ತದೆ, ಮರಿ ಮಾಡುವ ಶಕ್ತಿಯೂ ಹೋಗುತ್ತದೆ. ಕೊನೆಗೆ ಎಷ್ಟೋ ಕೋಶಗಳು ಸಾಯುತ್ತವೆ.

ನನಗೆ ಎಲ್ಲಕ್ಕಿಂತ ಬೆರಗು ಹುಟ್ಟಿಸಿದ್ದು ಜಪಾನಿನ ಒಕಾಯಾಮಾ ವಿಶ್ವವಿದ್ಯಾಲಯದ ತಂಡ 2025ರ ಜನವರಿಯಲ್ಲಿ ಪ್ರಕಟಿಸಿದ ಸಂಗತಿ. ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ ಗೊತ್ತಲ್ಲ? ಕ್ಯಾನ್ಸರ್ ಕೋಶಗಳು ತಮ್ಮ ಕೆಟ್ಟುಹೋದ ಮೈಟೊಕಾಂಡ್ರಿಯಾಗಳನ್ನು ನೂಲಿನಂಥ ನಾಳಗಳ ಮೂಲಕ, ಚೀಲಗಳ ಮೂಲಕ ಟಿ ಕೋಶಗಳ ಒಳಗೆ ದಾಟಿಸುತ್ತವಂತೆ. ಸಾಮಾನ್ಯವಾಗಿ ಕೋಶವು ಕೆಟ್ಟ ಮೈಟೊಕಾಂಡ್ರಿಯಾವನ್ನು ಒಡೆದು ವಿಲೇವಾರಿ ಮಾಡುತ್ತದೆ. ಆದರೆ ದಾಟಿ ಬಂದವುಗಳ ಜೊತೆ ಆ ವಿಲೇವಾರಿಯನ್ನು ತಡೆಯುವ ಅಣುಗಳೂ ಬರುತ್ತವೆ. ಹಾಗಾಗಿ ಅವು ಅಲ್ಲೇ ಠಿಕಾಣಿ ಹೂಡುತ್ತವೆ. ಟಿ ಕೋಶ ಬೇಗ ಮುದಿಯಾಗುತ್ತದೆ, ಶತ್ರುವನ್ನು ನೆನಪಿಟ್ಟುಕೊಳ್ಳುವ 'ನೆನಪಿನ ಕೋಶ'ವಾಗುವ ಸಾಮರ್ಥ್ಯವನ್ನೂ ಕಳೆದುಕೊಳ್ಳುತ್ತದೆ. ಗಡ್ಡೆಯಲ್ಲಿ ಇಂಥ ಕೆಟ್ಟ ಮೈಟೊಕಾಂಡ್ರಿಯಾ ಇದ್ದ ರೋಗಿಗಳಿಗೆ ಬ್ರೇಕ್ ಬಿಡಿಸುವ ಔಷಧವೂ ಅಷ್ಟಾಗಿ ನಾಟಲಿಲ್ಲ.

ಆ ಔಷಧಗಳದ್ದು ದೊಡ್ಡ ಕಥೆ. ಸಿಟಿಎಲ್‌ಎ-4 ಎಂಬ ಇನ್ನೊಂದು ಬ್ರೇಕನ್ನು ಬಿಡಿಸುವ ಇಪಿಲಿಮುಮಾಬ್‌ಗೆ ಅಮೆರಿಕದಲ್ಲಿ 2011ರಲ್ಲಿ, ಪಿಡಿ-1 ತಡೆಯುವ ಔಷಧಗಳಿಗೆ 2014ರಲ್ಲಿ ಒಪ್ಪಿಗೆ ಸಿಕ್ಕಿತು. 2015ರಲ್ಲಿ ಮೆದುಳಿಗೂ ಹರಡಿದ್ದ ಮೆಲನೋಮಾದಿಂದ ಚೇತರಿಸಿಕೊಂಡ ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ನೂರು ವರ್ಷ ಬಾಳಿದರು. ಅವರಿಗೆ ಶಸ್ತ್ರಚಿಕಿತ್ಸೆ, ವಿಕಿರಣದ ಜೊತೆ ಪಿಡಿ-1 ತಡೆಯುವ ಔಷಧವನ್ನೂ ಕೊಟ್ಟಿದ್ದರು. ಎರಡೂ ಬಗೆಯ ಔಷಧ ಒಟ್ಟಿಗೆ ಪಡೆದವರಲ್ಲಿ ಶೇ. 43ರಷ್ಟು ಮಂದಿ ಹತ್ತು ವರ್ಷದ ನಂತರವೂ ಬದುಕಿದ್ದರು. ಮೊದಲೆಲ್ಲ ಹರಡಿದ ಮೆಲನೋಮಾ ಇದ್ದವರು ಒಂದು ವರ್ಷ ದಾಟುವುದೇ ಕಷ್ಟವಿತ್ತು. ಬ್ರೇಕ್ ಬಿಟ್ಟರೆ ತೊಂದರೆಯೂ ಇದೆ: ಕರುಳು, ಥೈರಾಯ್ಡ್ ಉರಿಯೂತ. ಕೆಲವರಿಗೆ ತೊನ್ನು ಕಾಣಿಸಿಕೊಳ್ಳುತ್ತದೆ. ವೈದ್ಯರು ಅದನ್ನು ಒಳ್ಳೆಯ ಲಕ್ಷಣವೆಂದೇ ನೋಡುತ್ತಾರೆ, ಯಾಕೆಂದರೆ ಟಿ ಕೋಶಗಳು ಬಣ್ಣದ ಕೋಶಗಳ ಬೆನ್ನು ಹತ್ತಿವೆ ಎಂದರ್ಥ.

ನಮ್ಮಂಥ ಮೈಬಣ್ಣದವರಲ್ಲಿ ಮೆಲನೋಮಾ ಅಪರೂಪ. ಬಂದರೆ ಹೆಚ್ಚಾಗಿ ಬಿಸಿಲು ಬೀಳದ ಅಂಗಾಲಿನಲ್ಲಿ, ಉಗುರಿನ ಅಡಿಯಲ್ಲಿ. ಅಲ್ಲಿ ಡಿಎನ್‌ಎ ಅಷ್ಟೊಂದು ಕೆಟ್ಟಿರುವುದಿಲ್ಲ, ಟಿ ಕೋಶಗಳಿಗೆ ಗುರುತೂ ಕಡಿಮೆ. ಹಾಗಾಗಿ ಈ ಔಷಧಗಳ ಫಲವೂ ಅಲ್ಲಿ ಕಡಿಮೆ. ಅಂಗಾಲಿನಲ್ಲಿ ಬೆಳೆಯುತ್ತಿರುವ ಕಪ್ಪು ಮಚ್ಚೆಯನ್ನು ಆಣಿ ಅಂದುಕೊಂಡು ತಿಂಗಳುಗಟ್ಟಲೆ ಹಾಗೇ ಬಿಡಬೇಡಿ, ಚರ್ಮವೈದ್ಯರಿಗೆ ತೋರಿಸಿ.