ಅಲೆಯ ಎತ್ತರ ಆಮೇಲೆ ನೋಡಿ, ಮೊದಲು ಸೆಕೆಂಡ್ ನೋಡಿ

ಕಡಲತೀರದ ಮುನ್ಸೂಚನೆ ತೆರೆದ ಕೂಡಲೇ ಎಲ್ಲರ ಕಣ್ಣು ಹೋಗುವುದು ಅಲೆಯ ಎತ್ತರದ ಮೇಲೆ. ಒಂದೇ ಮೀಟರ್ ಅಲ್ವಾ, ಪರವಾಗಿಲ್ಲ ಅಂತ ನೀರಿಗಿಳಿಯುತ್ತಾರೆ. ಅದರ ಪಕ್ಕದಲ್ಲೇ ಸೆಕೆಂಡ್ ಲೆಕ್ಕದಲ್ಲಿ ಇನ್ನೊಂದು ಅಂಕಿ ಇರುತ್ತದೆ. ಒಂದು ಅಲೆ ಬಂದು ಮುಂದಿನದು ಬರುವವರೆಗಿನ ಸಮಯ ಅದು. ನನ್ನನ್ನು ಕೇಳಿದರೆ ಮೊದಲು ನೋಡಬೇಕಾದ್ದು ಅದನ್ನೇ.

(ಎತ್ತರದ ಅಂಕಿಯೂ ಅಷ್ಟು ಸರಳ ಅಲ್ಲ. ಸಾಮಾನ್ಯವಾಗಿ ಅದು ಎಲ್ಲ ಅಲೆಗಳ ಪೈಕಿ ಅತಿ ಎತ್ತರದ ಮೂರನೇ ಒಂದು ಭಾಗದ ಸರಾಸರಿ. ಆಗೊಮ್ಮೆ ಈಗೊಮ್ಮೆ ಅದರ ಎರಡು ಪಟ್ಟು ಎತ್ತರದ ಅಲೆ ಬಂದರೆ ಮುನ್ಸೂಚನೆ ತಪ್ಪಿತು ಅನ್ನುವಂತಿಲ್ಲ.)

6 ಸೆಕೆಂಡ್ ಅಂತ ಇದ್ದರೆ ಅದು ಹತ್ತಿರದ ಗಾಳಿ ಎಬ್ಬಿಸಿದ ಅಲೆ. ಆಳದ ನೀರಿನಲ್ಲಿ ಅದರ ಒಂದು ನೆತ್ತಿಯಿಂದ ಮುಂದಿನ ನೆತ್ತಿಗೆ ಸುಮಾರು 56 ಮೀಟರ್. 14 ಸೆಕೆಂಡಿನ ಅಲೆಗೆ ಅದೇ ದೂರ 300 ಮೀಟರಿಗೂ ಜಾಸ್ತಿ. ಈ ದೂರದ ಅರ್ಧದಷ್ಟು ಆಳಕ್ಕೆ ಬಂದಾಗ ಅಲೆಗೆ ಸಮುದ್ರದ ತಳ ತಾಕಲು ಶುರುವಾಗುತ್ತದೆ. ಹಾಗಾಗಿ 6 ಸೆಕೆಂಡಿನ ಅಲೆಗೆ 28 ಮೀಟರ್ ಆಳಕ್ಕೆ ಬರುವವರೆಗೆ ತಳದ ಗೊಡವೆಯೇ ಇಲ್ಲ, 14 ಸೆಕೆಂಡಿನದಕ್ಕೆ 150 ಮೀಟರ್ ಆಳದಲ್ಲೇ ಅದು ಗೊತ್ತಾಗುತ್ತದೆ. ದಡದ ಹತ್ತಿರ ಅಲೆ ನಿಧಾನವಾಗುತ್ತದೆ, ಹಿಂದಿನಿಂದ ಬರುವ ಶಕ್ತಿ ಒತ್ತೊತ್ತಾಗಿ ಸೇರಿ ಎತ್ತರ ಏರುತ್ತದೆ. ಆಳ ಕಡಲಲ್ಲಿ ಎರಡೂ ಒಂದೊಂದು ಮೀಟರ್ ಇದ್ದರೂ ಒಡೆಯುವ ಹೊತ್ತಿಗೆ ಮೊದಲನೆಯದು ಒಂದೂಕಾಲು ಮೀಟರ್, ಎರಡನೆಯದು ಒಂದೂಮುಕ್ಕಾಲು ಮೀಟರ್ ಆಸುಪಾಸಿಗೆ ಬಂದಿರುತ್ತದೆ.

ಆ 14 ಸೆಕೆಂಡಿನ ಅಲೆ ಬಂದಿದ್ದು ಎಲ್ಲಿಂದ? ಎಲ್ಲೋ ದೂರದ ಬಿರುಗಾಳಿಯಿಂದ. ದಿನಕ್ಕೆ ಹೆಚ್ಚುಕಡಿಮೆ 950 ಕಿಲೋಮೀಟರ್ ಲೆಕ್ಕದಲ್ಲಿ ಬಂದಿರುತ್ತದೆ. 1963ರಲ್ಲಿ ಸಮುದ್ರ ವಿಜ್ಞಾನಿ ವಾಲ್ಟರ್ ಮಂಕ್ ಮತ್ತು ಸಂಗಡಿಗರು ನ್ಯೂಜಿಲೆಂಡಿನಿಂದ ಅಲಾಸ್ಕಾವರೆಗೆ ಅಲ್ಲಲ್ಲಿ ಅಳತೆ ಕೇಂದ್ರಗಳನ್ನಿಟ್ಟು ಕಾದರು. ದಕ್ಷಿಣದ ಹಿಮಖಂಡದ ಸುತ್ತಲಿನ ಕಡಲಲ್ಲಿ ಎದ್ದ ಅಲೆಗಳು ಇಡೀ ಪೆಸಿಫಿಕ್ ದಾಟಿ ಅಲಾಸ್ಕಾ ಮುಟ್ಟುವುದನ್ನು ಹಿಡಿದೇ ಬಿಟ್ಟರು. ಉದ್ದದ ಅಲೆಗಳು ಜಾಸ್ತಿ ವೇಗದವು, ಅವೇ ಮೊದಲು ಬರುತ್ತವೆ. ಇವತ್ತು 18 ಸೆಕೆಂಡ್, ನಾಳೆ 16, ನಾಡಿದ್ದು 14 ಅಂತ ಅಂಕಿ ಇಳಿಯುತ್ತಾ ಹೋಗುತ್ತದೆ, ಎಷ್ಟು ಬೇಗ ಇಳಿಯುತ್ತದೆ ಅನ್ನುವುದರ ಮೇಲೆ ಬಿರುಗಾಳಿ ಎಷ್ಟು ದೂರದಲ್ಲಿತ್ತು ಅಂತಲೇ ಲೆಕ್ಕ ಹಾಕಬಹುದು.

ಜನ ಏಮಾರುವುದು ಇಲ್ಲೇ. ಮೇಲೆ ಶುಭ್ರ ಆಕಾಶ, ಗಾಳಿಯ ಸುಳಿವಿಲ್ಲ, ಹತ್ತು ನಿಮಿಷ ಸಮುದ್ರ ಸುಮ್ನೆ ಇರುತ್ತದೆ. ಆಮೇಲೆ ಒಂದರ ಹಿಂದೆ ಒಂದು ನಾಲ್ಕೈದು ದೊಡ್ಡ ಅಲೆ.

ಗಾಳಿಯ ವಿಷಯ ಬೇಗ ಮುಗಿಯುತ್ತದೆ. ನೆಲದಿಂದ ಕಡಲ ಕಡೆಗೆ ಮೆಲ್ಲಗೆ ಬೀಸಿದರೆ ಅಲೆಯ ಮುಖ ನುಣುಪಾಗಿ ನಿಲ್ಲುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಗಾಳಿ ಕಡಲಿಂದ ಬೀಸತೊಡಗುತ್ತದೆ, ಅಲೆ ಕಲಕಿ ಹೋಗುತ್ತದೆ. ಸರ್ಫಿಂಗ್ ಮಾಡುವವರು ಬೆಳಿಗ್ಗೆಯೇ ಹಾಜರಾಗುವುದು ಇದಕ್ಕೇ.

ಉಬ್ಬರವಿಳಿತದ್ದು ಹಾಗಲ್ಲ. ಹೆಚ್ಚಿನ ಕಡೆ ಒಂದು ಉಬ್ಬರದಿಂದ ಮುಂದಿನದಕ್ಕೆ 12 ಗಂಟೆ 25 ನಿಮಿಷ, ಹಾಗಾಗಿ ನಿನ್ನೆಯ ಸಮಯ ಇವತ್ತಿಗೆ ಸುಮಾರು 50 ನಿಮಿಷ ಮುಂದೆ ಹೋಗಿರುತ್ತದೆ. ಹುಣ್ಣಿಮೆ, ಅಮಾವಾಸ್ಯೆ ಆಸುಪಾಸಿನಲ್ಲಿ ಏರಿಳಿತ ಜೋರು. ನೀರು ಒಂದೇ ಸಮ ಏರುವುದೂ ಇಲ್ಲ. ಆರು ಗಂಟೆಯಲ್ಲಿ ನಡುವಿನ ಎರಡು ಗಂಟೆಗೇ ಅರ್ಧದಷ್ಟು ಏರಿಬಿಡುತ್ತದೆ, ಬಂಡೆಯ ಆಚೆ ನಡೆದು ಹೋದವರು ಸಿಕ್ಕಿಬೀಳುವುದು ಆವಾಗಲೇ. ನೀರು ತುಂಬಿದಾಗ ಅಲೆ ನೀರಿನಡಿಯ ಮರಳದಿಬ್ಬವನ್ನು ದಾಟಿ ಬಂದು ದಡದಲ್ಲೇ ಬೀಳುತ್ತದೆ. ಇಳಿದಾಗ ದಿಬ್ಬದ ಮೇಲೇ ಒಡೆಯುತ್ತದೆ, ಆ ನೀರೆಲ್ಲ ದಿಬ್ಬದ ನಡುವಿನ ಸಂದಿನಲ್ಲಿ ವಾಪಸ್ ಓಡುತ್ತದೆ. ಆ ಸಂದಿನಲ್ಲಿ ಅಲೆ ಕಡಿಮೆ, ನೊರೆಯೂ ಕಡಿಮೆ, ನೋಡಲು ಈಜಲಿಕ್ಕೆ ಹೇಳಿ ಮಾಡಿಸಿದ ಜಾಗ. ಅದರ ಸೆಳೆತ ಕಾಲು ಹಿಡಿದು ಕೆಳಕ್ಕೆ ಎಳೆಯುವುದಿಲ್ಲ, ಕಡಲಿನ ಕಡೆಗೆ ಒಯ್ಯುತ್ತದೆ ಅಷ್ಟೇ, ಎದುರು ಈಜಿದರೆ ಎಂಥ ಈಜುಗಾರನೂ ಸುಸ್ತಾಗುತ್ತಾನೆ. ತೇಲುತ್ತಾ ಕೈ ಎತ್ತಿ ಸಹಾಯಕ್ಕೆ ಕರೆಯಿರಿ, ಕಸುವಿದ್ದರೆ ದಡಕ್ಕೆ ಸಮಾನಾಂತರವಾಗಿ ನೊರೆ ಕಾಣುವ ಕಡೆಗೆ ಈಜಿ. ನೊರೆ ಇದೆ ಅಂದರೆ ಅಲ್ಲಿ ಅಲೆ ಒಡೆಯುತ್ತಿದೆ, ನೀರು ದಡದ ಕಡೆಗೆ ಹೋಗುತ್ತಿದೆ.