ಕ್ವಿಕ್ ಸಾಲು: ಹುಡುಕಿದ ಪದದಿಂದ ಪೂರ್ತಿ ಬರಹಕ್ಕೆ

ಕ್ವಿಕ್ ಅನ್ನೋದು ‘ಕೀ ವರ್ಡ್ ಇನ್ ಕಾಂಟೆಕ್ಸ್ಟ್’ ಎಂಬುದರ ಚುಟುಕು ರೂಪ. ಒಂದಷ್ಟು ಬರಹಗಳಲ್ಲಿ ಒಂದು ಪದ ಹುಡುಕಿದಾಗ ಅದು ಎಲ್ಲೆಲ್ಲಿ ಬಂದಿದೆ ಅಂತ ತೋರಿಸುವ ವಿಧಾನ ಇದು. ನೀವು ಹುಡುಕಿದ ಪದ ನಡುವೆ ಇರುತ್ತದೆ. ಎಡಕ್ಕೆ ಒಂದಷ್ಟು ಪದ, ಬಲಕ್ಕೆ ಒಂದಷ್ಟು ಪದ. ಇಂಥ ಸಾಲುಗಳು ಒಂದರ ಕೆಳಗೊಂದು ಬರುತ್ತವೆ. ಐಬಿಎಂನಲ್ಲಿದ್ದ ಹಾನ್ಸ್ ಪೀಟರ್ ಲೂನ್ ಈ ವಿಧಾನದ ಬಗ್ಗೆ ಬರೆದ ಪ್ರಬಂಧ 1960ರಲ್ಲಿ ಅಚ್ಚಾಯಿತು. ಆಗ ಇದು ಬೇಕಾಗಿದ್ದದ್ದು ವಿಜ್ಞಾನ ಲೇಖನಗಳ ಶೀರ್ಷಿಕೆ ಹುಡುಕಲು. ಈಗ ಇದನ್ನು ಜಾಸ್ತಿ ಬಳಸುವವರು ಭಾಷೆಯ ಅಧ್ಯಯನ ಮಾಡುವವರು.

ಜಪಾನಿನ ವಸೇಡ ವಿಶ್ವವಿದ್ಯಾಲಯದ ಲಾರೆನ್ಸ್ ಆಂಥನಿ ಮಾಡಿರುವ ಆಂಟ್‌ಕಾಂಕ್ ಇಂಥ ಸಾಲುಗಳನ್ನು ತೋರಿಸುವ ಸಾಫ್ಟ್‌ವೇರ್. ಉಚಿತವಾಗಿ ಸಿಗುತ್ತದೆ. ಅದರಲ್ಲಿ ಸಾಲಿನ ನಡುವಿನ ಪದದ ಮೇಲೆ ಕ್ಲಿಕ್ ಮಾಡಿದರೆ ‘ಫೈಲ್’ ಎಂಬ ಭಾಗ ತೆರೆಯುತ್ತದೆ. ಆ ಪದ ಇರುವ ಪೂರ್ತಿ ಬರಹ ಅಲ್ಲಿ ಕಾಣುತ್ತದೆ. ಪದ ಬಂದ ಜಾಗವೇ ಕಣ್ಣೆದುರಿಗೆ ಇರುತ್ತದೆ, ಮತ್ತೆ ಹುಡುಕಬೇಕಿಲ್ಲ.

ಕನ್ನಡದಲ್ಲಿ ಈ ಕ್ಲಿಕ್ ಬಿಡಲೇಬಾರದು. ನಮ್ಮಲ್ಲಿ ಕ್ರಿಯಾಪದ ಬರುವುದು ವಾಕ್ಯದ ಕೊನೆಗೆ. ಇಲ್ಲ, ಅಲ್ಲ, ಬೇಡ ಎಲ್ಲವೂ ಅಲ್ಲೇ. ‘ಬೆಳೆ’ ಅಂತ ಹುಡುಕಿದಿರಿ ಅನ್ನಿ. ‘ಮಳೆ ಚೆನ್ನಾಗಿ ಆಯಿತು, ಬೆಳೆ ಕೈಗೆ ಬಂತು, ಸಾಲ ತೀರಿತು’ ಅಂತ ಒಂದು ಸಾಲು ಸಿಗುತ್ತದೆ. ಓದಿದವರು ಸುಗ್ಗಿ ಚೆನ್ನಾಗಿತ್ತು ಅಂತಲೇ ತಿಳಿಯುತ್ತಾರೆ, ಅಲ್ವಾ? ಪೂರ್ತಿ ಬರಹ ತೆರೆದರೆ ಮುಂದೆ ‘ಅಂತ ಹೇಳುವ ರೈತ ಈ ಊರಲ್ಲಿ ಒಬ್ಬನೂ ಇರಲಿಲ್ಲ’ ಎಂದಿರುತ್ತದೆ. ಅರ್ಥ ಪೂರಾ ತಿರುಗಿತು. ಇಂಗ್ಲಿಷಿನಲ್ಲಿ ‘ಇಲ್ಲ’ ಅನ್ನುವ ಮಾತು ಹೆಚ್ಚಾಗಿ ಮೊದಲೇ ಬರುವುದರಿಂದ ಸಾಲು ಬಲಕ್ಕೆ ತುಂಡಾದರೂ ಅಷ್ಟು ತೊಂದರೆ ಇಲ್ಲ. ಆದ್ದರಿಂದ ಬರೀ ಸಾಲುಗಳನ್ನು ಎಣಿಸಿ ಕನ್ನಡ ಪದದ ಬಳಕೆ ಹೀಗೇ ಅಂತ ತೀರ್ಮಾನಿಸುವುದನ್ನು ನಾನು ಒಪ್ಪುವುದಿಲ್ಲ. ಸಾಲಿನ ಉದ್ದ ಹೆಚ್ಚಿಸಬಹುದು ನಿಜ, ಆದರೆ ನಮ್ಮ ಉದ್ದುದ್ದ ವಾಕ್ಯಗಳಿಗೆ ಅದೂ ಸಾಲದು.

ಕನ್ನಡಕ್ಕೆ ಬಳಸುವ ಮುಂಚೆ ಸೆಟ್ಟಿಂಗ್ ಒಮ್ಮೆ ನೋಡಿ. ಕಾಗುಣಿತದ ಗುರುತುಗಳು, ಕಂಪ್ಯೂಟರಿನಲ್ಲಿ ಅಕ್ಷರ ಗುರುತಿಸುವ ವ್ಯವಸ್ಥೆಯಾದ ಯೂನಿಕೋಡ್‌ನಲ್ಲಿ ‘ಲೆಟರ್’ ಗುಂಪಿನಲ್ಲಿಲ್ಲ, ‘ಮಾರ್ಕ್’ ಗುಂಪಿನಲ್ಲಿವೆ. ಪದ ಅಂದರೆ ಲೆಟರ್ ಮಾತ್ರ ಅಂತ ಸಾಫ್ಟ್‌ವೇರ್ ಅಂದುಕೊಂಡರೆ ‘ಮನೆ’ ತುಂಡಾಗುತ್ತದೆ. ಮಾರ್ಕ್ ಗುಂಪನ್ನೂ ಸೇರಿಸಿದರೆ ಸರಿಹೋಗುತ್ತದೆ. ಆಮೇಲೆ ‘ಮನೆ*’ ಅಂತ ನಕ್ಷತ್ರ ಚಿಹ್ನೆ ಹಾಕಿ ಹುಡುಕಿ. ಮನೆಗೆ, ಮನೆಯಲ್ಲಿ, ಮನೆಯವರು ಎಲ್ಲವೂ ಒಟ್ಟಿಗೆ ಸಿಗುತ್ತವೆ.