ಇಳಿಜಾರು ಹಾಕಿಸಿದರೆ ಸಾಲದೇ?

ಪ್ರಶ್ನೆ: ನಾಟಕ, ಸಂಗೀತ ಕಾರ್ಯಕ್ರಮಗಳು ನಡೆಯುವ ನಮ್ಮ ಸಭಾಂಗಣದ ಬಾಗಿಲಿಗೆ ಇಳಿಜಾರು ಹಾಕಿಸಿದ್ದೇವೆ. ಗಾಲಿಕುರ್ಚಿಯಲ್ಲಿ ಬರುವವರಿಗೆಂದು ಕೊನೆಯ ಸಾಲಿನ ಹಿಂದೆ ಜಾಗವನ್ನೂ ಬಿಟ್ಟಿದ್ದೇವೆ. ಇಷ್ಟು ಸಾಲದೇ?

ಉತ್ತರ: ಸಾಲದು. ಇಳಿಜಾರು ಪ್ರೇಕ್ಷಕರನ್ನು ಒಳಗೆ ಕರೆತರುತ್ತದೆ, ಆದರೆ ಅವರು ಬಂದಿರುವುದು ಕಟ್ಟಡ ನೋಡುವುದಕ್ಕಲ್ಲ. ವಿಶ್ವಸಂಸ್ಥೆಯು 2006ರಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 30ನೇ ವಿಧಿಯು ಸಾಂಸ್ಕೃತಿಕ ಬದುಕಿನಲ್ಲಿ ಇತರರಿಗೆ ಸಮನಾಗಿ ಪಾಲ್ಗೊಳ್ಳುವ ಹಕ್ಕಿನ ಬಗ್ಗೆ ಹೇಳುತ್ತದೆ. ‘ಇತರರಿಗೆ ಸಮನಾಗಿ’ ಎಂಬ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ನಿಮ್ಮ ಸಭಾಂಗಣವನ್ನು ಒಮ್ಮೆ ಸುತ್ತಿ ಬನ್ನಿ.

ಮೊದಲು ಆ ಇಳಿಜಾರನ್ನೇ ಅಳೆಯಿರಿ. ಸಾಮಾನ್ಯವಾಗಿ ಒಪ್ಪಿತವಾದ ಗರಿಷ್ಠ ಪ್ರಮಾಣ 1:12. ಅಂದರೆ 60 ಸೆಂಟಿಮೀಟರ್ ಎತ್ತರ ಏರಲು 7.2 ಮೀಟರ್ ಉದ್ದದ ಇಳಿಜಾರು ಬೇಕು. ಮೆಟ್ಟಿಲುಗಳ ಮೇಲೆ ಹಲಗೆ ಹಾಸಿದಂತೆ ಕಡಿದಾಗಿದ್ದರೆ ಗಾಲಿಕುರ್ಚಿಯಲ್ಲಿರುವವರು ಸ್ವತಃ ಏರಲಾರರು, ಹಿಂದಿನಿಂದ ತಳ್ಳುವವರಿಗೂ ಅದು ಅಪಾಯವೇ.

ಕೊನೆಯ ಸಾಲಿನ ಹಿಂದಿನ ಜಾಗದ ಬಗ್ಗೆ ನನಗೆ ಹೆಚ್ಚಿನ ತಕರಾರಿದೆ. ಗಾಲಿಕುರ್ಚಿಯಲ್ಲಿ ಕುಳಿತವರ ಕಣ್ಣು ನೆಲದಿಂದ ಸುಮಾರು 1.2 ಮೀಟರ್ ಎತ್ತರದಲ್ಲಿರುತ್ತದೆ. ಸಂಗೀತ ರಂಗೇರಿ ಮುಂದಿನವರೆಲ್ಲ ಎದ್ದು ನಿಂತ ಗಳಿಗೆಯಲ್ಲಿ, ಅಂದರೆ ಕಾರ್ಯಕ್ರಮದ ಅತ್ಯುತ್ತಮ ಗಳಿಗೆಯಲ್ಲಿ, ಅವರಿಗೆ ಕಾಣುವುದು ಬೆನ್ನುಗಳ ಸಾಲು ಮಾತ್ರ. ಆದ್ದರಿಂದ ಮುಂದಿನವರು ನಿಂತರೂ ವೇದಿಕೆ ಕಾಣುವಷ್ಟು ಎತ್ತರದ ಜಗಲಿ ಇರಬೇಕು. ಅಂಥ ಜಾಗಗಳು ಒಂದೇ ಮೂಲೆಯಲ್ಲಿರದೆ ಬೇರೆ ಬೇರೆ ದರದ ಆಸನಗಳ ನಡುವೆ ಹರಡಿರಬೇಕು ಮತ್ತು ಪ್ರತಿಯೊಂದರ ಪಕ್ಕದಲ್ಲಿ ಜೊತೆಗೆ ಬಂದವರಿಗೂ ಒಂದು ಆಸನವಿರಬೇಕು. ಗೆಳೆಯರೊಡನೆ ಬಂದವರು ಗೆಳೆಯರಿಂದ ದೂರ ಕುಳಿತು ನಾಟಕ ನೋಡಬೇಕೆಂದು ಬೇರೆ ಯಾವ ಪ್ರೇಕ್ಷಕರಿಗೂ ನಾವು ಹೇಳುವುದಿಲ್ಲವಷ್ಟೆ.

ಇನ್ನು ಕೇಳುವ ವಿಷಯ. ಧ್ವನಿವರ್ಧಕವನ್ನು ಜೋರು ಮಾಡಿದರೆ ಕಿವಿ ಮಂದವಾದವರಿಗೆ ಅನುಕೂಲವೆಂಬುದು ತಪ್ಪು ತಿಳಿವಳಿಕೆ. ಶ್ರವಣ ಸಾಧನವು ನಟರ ಮಾತಿನ ಜೊತೆಗೆ ಗೋಡೆಗಳ ಪ್ರತಿಧ್ವನಿಯನ್ನೂ, ಪಕ್ಕದವರ ಕೆಮ್ಮನ್ನೂ ದೊಡ್ಡದು ಮಾಡುತ್ತದೆ. ಇದಕ್ಕೆ ಪರಿಹಾರವಾಗಿ ಇರುವುದು ಇಂಡಕ್ಷನ್ ಲೂಪ್: ಆಸನಗಳಿರುವ ಭಾಗದ ಸುತ್ತ ಹಾಸಿದ ತಂತಿಯಲ್ಲಿ ಮೈಕ್‌ನ ಸಂಕೇತವು ಹರಿದಾಗ ಉಂಟಾಗುವ ಕಾಂತಕ್ಷೇತ್ರವನ್ನು ಶ್ರವಣ ಸಾಧನದೊಳಗಿನ ಟೆಲಿಕಾಯಿಲ್ ಎಂಬ ಪುಟ್ಟ ಸುರುಳಿ ಗ್ರಹಿಸುತ್ತದೆ, ಹೀಗಾಗಿ ನಟರ ಮಾತು ಸಭಾಂಗಣದ ಗದ್ದಲವನ್ನು ಹಾಯದೆ ನೇರವಾಗಿ ಕಿವಿಗೆ ಬರುತ್ತದೆ. ನೆಲದೊಳಗಿನ ಕಬ್ಬಿಣ ಈ ಕ್ಷೇತ್ರವನ್ನು ದುರ್ಬಲಗೊಳಿಸಬಹುದಾದ್ದರಿಂದ ಪ್ರತಿ ಆಸನದ ಬಳಿಯೂ ಪರೀಕ್ಷಿಸಿ ನೋಡಬೇಕು. ಎಲ್ಲ ಸಾಧನಗಳಲ್ಲಿ ಟೆಲಿಕಾಯಿಲ್ ಇರುವುದಿಲ್ಲ, ಹಾಗಾಗಿ ಕೆಲವು ಹೆಡ್‌ಫೋನ್ ರಿಸೀವರ್‌ಗಳನ್ನೂ ಇಟ್ಟಿರಬೇಕು. ಲೂಪ್ ಇದೆಯೆಂದು ಫಲಕ ಹಾಕಿದ್ದ ಒಂದು ಕಡೆ ಅದರ ಸ್ವಿಚ್ ಎಲ್ಲಿದೆಯೆಂದೇ ಸಿಬ್ಬಂದಿಗೆ ತಿಳಿದಿರಲಿಲ್ಲ. ಹುಡುಕುವಷ್ಟರಲ್ಲಿ ಮೊದಲ ಅಂಕ ಮುಗಿದಿತ್ತು.

ಸನ್ನೆ ಭಾಷೆಯನ್ನೇ ಆಡುವ ಕಿವುಡರಿಗೆ ಲೂಪ್‌ನಿಂದ ಪ್ರಯೋಜನವಿಲ್ಲ. ಅವರಿಗೆ ಅನುವಾದಕರು ಬೇಕು, ಮತ್ತು ಆ ಅನುವಾದಕರು ನಟರೊಂದಿಗೆ ಒಂದೇ ನೋಟಕ್ಕೆ ಸಿಗುವಷ್ಟು ವೇದಿಕೆಯ ಹತ್ತಿರ ನಿಂತಿರಬೇಕು. ದೃಶ್ಯಕ್ಕಾಗಿ ದೀಪಗಳೆಲ್ಲ ಆರಿದಾಗಲೂ ಅವರ ಕೈ ಮತ್ತು ಮುಖದ ಮೇಲೆ ಸಣ್ಣ ಬೆಳಕು ಉಳಿದಿರಬೇಕು, ಇಲ್ಲವಾದರೆ ಮಾತು ಅರ್ಧಕ್ಕೇ ನಿಂತಂತೆ. ರಂಗಪಠ್ಯವನ್ನೂ ಹಾಡುಗಳ ಸಾಹಿತ್ಯವನ್ನೂ ಅವರಿಗೆ ಮುಂಚಿತವಾಗಿ ಕೊಡುವುದು ಅಗತ್ಯ. ಸನ್ನೆ ಭಾಷೆ ಬಾರದ, ಕಿವಿ ಕೇಳಿಸದವರಿಗೆ ಪರದೆಯ ಮೇಲೆ ಮೂಡುವ ಅಕ್ಷರಗಳೇ ಆಸರೆ.

ಕಣ್ಣು ಕಾಣದವರಿಗೆ ಸಂಭಾಷಣೆಗಳ ನಡುವಿನ ಬಿಡುವಿನಲ್ಲಿ ರಂಗದ ಚಲನೆಯನ್ನು ಹೆಡ್‌ಫೋನ್ ಮೂಲಕ ವಿವರಿಸಬಹುದು. ಪ್ರದರ್ಶನಕ್ಕೆ ಮೊದಲು ರಂಗಸಜ್ಜಿಕೆ, ವೇಷಭೂಷಣಗಳನ್ನು ಮುಟ್ಟಿ ನೋಡಲು ಅವಕಾಶ ಕೊಟ್ಟರೆ ಆ ವಿವರಣೆಗೆ ಜೀವ ಬರುತ್ತದೆ. ಆಟಿಸಂ ಇರುವವರಿಗೆ ಅನುಕೂಲವಾಗಲೆಂದು ಧ್ವನಿಯನ್ನು ತಗ್ಗಿಸಿ, ಪ್ರೇಕ್ಷಕಾಂಗಣದ ದೀಪಗಳನ್ನು ಪೂರ್ತಿ ಆರಿಸದೆ, ನಡುವೆ ಎದ್ದು ಹೋಗಿ ಬರಲು ಬಿಡುವ ಪ್ರದರ್ಶನಗಳನ್ನು ಏರ್ಪಡಿಸುವ ರೂಢಿಯೂ ಇದೆ. ಸೆಕೆಂಡಿಗೆ 3ಕ್ಕಿಂತ ಹೆಚ್ಚು ಬಾರಿ ಮಿನುಗುವ ದೀಪಗಳು ಕೆಲವರಲ್ಲಿ ಅಪಸ್ಮಾರದ ಸೆಳೆತಕ್ಕೆ ಕಾರಣವಾಗಬಹುದು. ಬಳಸದಿರುವುದೇ ಒಳ್ಳೆಯದು, ಬಳಸಲೇಬೇಕಾದರೆ ಟಿಕೆಟ್ ಕೊಳ್ಳುವ ಮೊದಲೇ ತಿಳಿಸಿ.

ಗಾಲಿಕುರ್ಚಿಯಲ್ಲಿ ಬರುವವರು ಕಲಾವಿದರೂ ಆಗಿರಬಹುದು ಎಂಬುದನ್ನು ಕಟ್ಟಿಸುವವರು ಮರೆಯುವುದೇ ಹೆಚ್ಚು. ಪ್ರೇಕ್ಷಕರ ಬಾಗಿಲಿಗೆ ಇಳಿಜಾರಿದ್ದು, ಬಣ್ಣದ ಮನೆಯಿಂದ ರಂಗಕ್ಕೆ ಐದು ಮೆಟ್ಟಿಲುಗಳಿದ್ದರೆ ಆ ಕಲಾವಿದರನ್ನು ಎತ್ತಿಕೊಂಡೇ ಹೋಗಬೇಕಾಗುತ್ತದೆ.

ಬೆಂಕಿ ಬಿದ್ದಾಗಿನ ವ್ಯವಸ್ಥೆಯನ್ನು ಮಾತ್ರ ಮುಂದೂಡಬೇಡಿ. ಸಾಮಾನ್ಯ ಲಿಫ್ಟ್‌ಗಳನ್ನು ಆಗ ಬಳಸುವಂತಿಲ್ಲ. ಮೇಲಂತಸ್ತಿನಲ್ಲಿರುವ ಗಾಲಿಕುರ್ಚಿಯವರು ಹೊಗೆ ತಾಗದಂತೆ ಕಾಯುವ ಜಾಗ ಯಾವುದು, ಅಲ್ಲಿಂದ ಅವರನ್ನು ಕೆಳಗಿಳಿಸುವವರು ಯಾರು ಎಂಬುದು ಮೊದಲೇ ನಿಗದಿಯಾಗಿ, ತಾಲೀಮೂ ನಡೆದಿರಬೇಕು. ಎಚ್ಚರಿಕೆಯ ಗಂಟೆಯ ಜೊತೆಗೆ ಮಿನುಗುವ ದೀಪವೂ ಇರಬೇಕು, ಶೌಚಾಲಯದೊಳಗೂ ಕೂಡ. ಬಾಗಿಲು ಹಾಕಿಕೊಂಡು ಒಳಗಿರುವ ಕಿವುಡರಿಗೆ ಹೊರಗಿನ ಗಲಿಬಿಲಿ ಕಾಣುವುದೂ ಇಲ್ಲ, ಕೇಳುವುದೂ ಇಲ್ಲ.